ಡ್ರೈವರಕ್ಕ ಪರೀಕ್ಷೆಗೆ ಹೋದದ್ದು

ಹದಿನಾರು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದ ಆಕೆಯನ್ನು ಮಕ್ಕಳೂ ಮೇಷ್ಟ್ರುಗಳೂ ಡ್ರೈವರಕ್ಕ ಎಂದೇ ಕರೆಯುತ್ತಿದ್ದರು. ಎಂಜಿನ್ನಿನಲ್ಲಿ ಒಂದು ನಟ್ಟು ಸಡಿಲವಾದರೂ ಅವಳ ಕಿವಿಗೆ ಬೀಳುತ್ತಿತ್ತು. ಅಂಥವಳು, ತಂಗಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ, ಸ್ನಾನ ಮಾಡುವಾಗ ತನ್ನ ಎದೆಯನ್ನು ಮುಟ್ಟಿಕೊಳ್ಳುವುದನ್ನೇ ಬಿಟ್ಟಳು. ನೀರು ಸುರಿದುಕೊಂಡು ಓಡಿಬರುವಳು. ಕೈಗೆ ಗಂಟು ಸಿಕ್ಕಿಬಿಟ್ಟರೆ?

ಆಪರೇಷನ್ ಮುಗಿಸಿಕೊಂಡು ಬಂದ ತಂಗಿಯೇ ಕೊನೆಗೆ ಬೈದಳು. "ನಿನ್ನ ಧೈರ್ಯ ಎಲ್ಲಾ ಸ್ಟೇರಿಂಗ್ ಹಿಡಿದಾಗ ಮಾತ್ರನಾ ಅಕ್ಕ? ನಡಿ ಪರೀಕ್ಷೆಗೆ, ನಾನೂ ಬರ್ತೀನಿ."

ಜೀನ್ ಪರೀಕ್ಷೆಗೆಂದು ಇಬ್ಬರೂ ರಕ್ತ ಕೊಟ್ಟು ಐದು ವಾರ ಕಾದರು. ಒಂದೇ ಕುಟುಂಬದಲ್ಲಿ ಈ ರೋಗವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ದೊಡ್ಡ ದೋಷದ ಜೀನ್ ಇಬ್ಬರಲ್ಲೂ ಇಲ್ಲ ಎಂದರು ಡಾಕ್ಟರಮ್ಮ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಮಾತು ಮುಗಿದಿರಲಿಲ್ಲ. ಜೀನ್‌ಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ನೂರಾರಿವೆ, ಎಲ್ಲರಲ್ಲೂ ಒಂದಷ್ಟು ಇದ್ದೇ ಇರುತ್ತವೆ. ಒಂದೊಂದರಿಂದ ಆಗುವುದು ಅಷ್ಟಕ್ಕಷ್ಟೇ. ಎಲ್ಲ ಕೂಡಿದಾಗ ಕೆಲವರಿಗೆ ಅಪಾಯ ಕಡಿಮೆ, ಕೆಲವರಿಗೆ ಹೆಚ್ಚು. ಅಕ್ಕನದು ಹೆಚ್ಚಿನ ಕಡೆಗೇ ವಾಲಿತ್ತು.

"ಅಂದ್ರೆ ಬರುತ್ತೋ, ಬರಲ್ವೋ?"

"ಬರದೇ ಇರೋ ಸಾಧ್ಯತೆನೇ ಜಾಸ್ತಿಯಮ್ಮ. ಬರೋದೇ ಇಲ್ಲ ಅಂತ ಮಾತ್ರ ಬರ್ಕೊಡೋಕಾಗಲ್ಲ."

ಮನೆಯಲ್ಲಿ ಹತ್ತೊಂಬತ್ತರ ಮಗಳಿದ್ದಳು. ಅವಳಿಗೂ ಅಪಾಯವಿದೆಯೇ ಎಂದು ಕೇಳಲು ಅಕ್ಕ ಹೆದರಿದಳು. ತಂಗಿ ಕೇಳಿದಳು. ಮಕ್ಕಳಿಗೆ ಜೀನ್‌ಗಳು ಬರುವುದು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಅಕ್ಕನಿಂದ ಯಾವ ಅರ್ಧ ಹೋಗಿದೆಯೋ ಪರೀಕ್ಷೆ ಮಾಡದೆ ತಿಳಿಯದು ಎಂಬ ಉತ್ತರ ಬಂತು.

ಮರುವಾರ ಮ್ಯಾಮೊಗ್ರಾಮ್. ತಣ್ಣನೆಯ ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಚಿತ್ರ ತೆಗೆದರು. ಮಾರನೇ ಬೆಳಿಗ್ಗೆಯೇ ಫೋನು: ಎಡಗಡೆ ಏನೋ ಕಾಣುತ್ತಿದೆ, ಇನ್ನೊಮ್ಮೆ ಬನ್ನಿ. ಆಗವಳು ಬಸ್ಸಿನ ಸೀಟಿನಲ್ಲಿದ್ದಳು. ತಿರುಗಿಸಲು ಹೋದ ಕೀಯನ್ನು ಹೊರಗೆಳೆದಳು. ಈ ಕೈಯನ್ನು ನಂಬಿ ಮಕ್ಕಳನ್ನು ಹತ್ತಿಸಿಕೊಳ್ಳಲಾರೆ ಎಂದು ಮೇಷ್ಟ್ರಿಗೆ ಹೇಳಿ ಇಳಿದುಬಿಟ್ಟಳು.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಪರದೆಯನ್ನೇ ನೋಡುತ್ತಿದ್ದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಅವರ ಹುಬ್ಬು ಗಂಟಿಕ್ಕಿದಾಗಲೆಲ್ಲ ಇವಳೂ ಪರದೆಯತ್ತ ಕತ್ತು ಹೊರಳಿಸುತ್ತಿದ್ದಳು.

"ನೀರುಗುಳ್ಳೆ. ಕ್ಯಾನ್ಸರ್ ಅಲ್ಲ."

ಹೊರಗೆ ಬಂದವಳೇ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು. ತಂಗಿ ಪಕ್ಕದಲ್ಲೇ ಕೂತು, "ನಿನ್ನಿಂದ ನನ್ನ ಬಿಪಿನೂ ಏರ್ತು" ಎಂದು ಅತ್ತಳು.

ಅಂದು ಸಂಜೆ ಮಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹುಡುಗಿ ಕೊನೆತನಕ ಕೇಳಿ, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಮೂರು ವರ್ಷವಾಯಿತು. ಹೆದರಿಕೆ ಹೋಗಿಲ್ಲ. ವರ್ಷದ ಪರೀಕ್ಷೆ ಹತ್ತಿರವಾದರೆ ಮತ್ತೆ ಮತ್ತೆ ಕ್ಯಾಲೆಂಡರ್ ನೋಡುತ್ತಾಳೆ. ಆದರೂ ಒಂದು ಸಲವೂ ತಪ್ಪಿಸಿಲ್ಲ. ಈಗ ಚಿಕ್ಕಮ್ಮನನ್ನು ಮನೆಯಲ್ಲೇ ಕೂರಿಸಿ ಜೊತೆಗೆ ಬರುವವಳು ಮಗಳು.