ಬೆಟ್ಟ ಬೇಡ ಅನ್ನುತ್ತಿದ್ದ ಬೌದಿ

ಕಾಳಿಪೂಜೆಯ ಪಟಾಕಿ ಸದ್ದು ಅಡಗಿ, ಖರ್ಜೂರದ ಹೊಸ ಬೆಲ್ಲ ಅಂಗಡಿಗೆ ಬರುವ ಹೊತ್ತಿಗೆ ನಮ್ಮ ಬಾಗ್‌ಬಜಾರಿನ ಓಣಿಯ ಜನಕ್ಕೆ ಒಂದು ಹುಚ್ಚು ಹಿಡಿಯುತ್ತದೆ. ಎಲ್ಲಿಗಾದರೂ ಹೋಗಲೇಬೇಕು. ಚಳಿಗಾಲವನ್ನು ಮನೆಯಲ್ಲೇ ಕಳೆದವನಿಗೆ ಆಮೇಲೆ ಮೀನಿನ ಮಾರುಕಟ್ಟೆಯಲ್ಲಿ ಆಡಲು ಮಾತೇ ಇರುವುದಿಲ್ಲ. ಆದರೆ ಎಲ್ಲಿಗೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಹೇಳುವುದಕ್ಕೆ ನಮ್ಮ ಬೌದಿ ಇದ್ದಾಳೆ.

ಹೆಸರು ಮಂದಿರಾ. ನನ್ನ ಅಣ್ಣನ ಹೆಂಡತಿ, ಹಾಗಾಗಿ ನನಗೆ ಬೌದಿ. ನೋಡನೋಡುತ್ತ ಇಡೀ ಓಣಿಗೇ ಬೌದಿ ಆಗಿಬಿಟ್ಟಳು. ಸಂಜೆ ಜಗಲಿಯ ಮೇಲೆ ಸಾಸಿವೆ ಎಣ್ಣೆ ಹಾಕಿ ಕಲಸಿದ ಮಂಡಕ್ಕಿ ಬಟ್ಟಲು ಹಿಡಿದು ಕೂತರೆ ಸಾಕು, ಒಬ್ಬೊಬ್ಬರೇ ತಮ್ಮ ರೋಗ, ರುಚಿ, ಮನೆಜಗಳ ಎಲ್ಲ ಹೊತ್ತುಕೊಂಡು ಬರುತ್ತಾರೆ.

"ಬೌದಿ, ನನಗೆ ಮಂಡಿನೋವು. ಇವಳಿಗೆ ಕೋಟೆ ನೋಡ್ಬೇಕಂತೆ," ಎನ್ನುತ್ತಾರೆ ಎದುರುಮನೆಯ ಹಾಲ್ದಾರ್ ಬಾಬು.

"ಜೈಸಲ್ಮೇರಿಗೆ ಹೋಗಿ. ಕೋಟೆ ಅವಳು ಹತ್ಲಿ, ನೀವು ಕೆಳಗೆ ಬಿಸಿಲಲ್ಲಿ ಕೂತು ಕಿತ್ತಳೆ ತಿನ್ನಿ. ಇಬ್ರಿಗೂ ನೆಮ್ಮದಿ."

ಹೊಸದಾಗಿ ಮದುವೆಯಾದವಳು ನಾಚಿಕೊಂಡು ಬರುತ್ತಾಳೆ. ಬೌದಿ ಅಂಡಮಾನ್ ಎನ್ನುತ್ತಾಳೆ. ಅತ್ತೆಯೂ ಜೊತೆಗೆ ಬರುತ್ತಾರಂತೆ ಎಂದು ಹುಡುಗಿ ಪಿಸುಗುಟ್ಟುತ್ತಾಳೆ. "ಅಯ್ಯೋ, ಹಾಗಾದ್ರೆ ಪುರಿ ಕಣೇ. ಅವರು ದೇವಸ್ಥಾನದಲ್ಲಿರ್ತಾರೆ, ನೀವು ಸಮುದ್ರದ ಹತ್ರ ಇರಿ." ಇತಿಹಾಸದ ಮೇಷ್ಟರಿಗೆ ಹಂಪಿ. ಅಲ್ಲಿ ಮೀನು ಸಿಗುತ್ತದೆಯೇ ಎಂದು ಅವರು ಮುಖ ಸಣ್ಣದು ಮಾಡಿದರೆ, "ಕಲ್ಲು ಸಿಗುತ್ತೆ. ನಾಲ್ಕು ದಿನ ಮೀನಿಲ್ದಿದ್ರೆ ಪ್ರಾಣ ಹೋಗಲ್ಲ. ಬೇಸಿಗೇಲಿ ಆ ಬಂಡೆ ಮೇಲೆ ಕಾಲಿಡಕ್ಕಾಗಲ್ಲ, ಈಗ್ಲೇ ಹೋಗಿ ಬನ್ನಿ," ಎಂದು ಗದರುತ್ತಾಳೆ.

ಇಷ್ಟೆಲ್ಲ ಹೇಳುವ ಬೌದಿ ಬೆಟ್ಟ ಎಂದರೆ ಮಾತ್ರ ಬಟ್ಟಲು ಕೆಳಗಿಡುತ್ತಿದ್ದಳು. "ಬೆಟ್ಟ ಬೇಡ." ರಸ್ತೆ ಕುಸಿದಿದೆ, ಬಚ್ಚಲಲ್ಲಿ ನೀರಿಲ್ಲ, ಮಕ್ಕಳಿಗೆ ಕೆಮ್ಮು ಬರುತ್ತೆ, ಬಾಯಿಗೆ ಬಂದ ಕಾರಣ ಹೇಳುತ್ತಿದ್ದಳು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಅವಳು ತಾನು ಓಣಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವಳ ಹಾಸಿಗೆ ಸುತ್ತುವ ಚೀಲ ಅಟ್ಟದ ಮೇಲೆ ಧೂಳು ತಿನ್ನುತ್ತಿದೆ, ಯಾಕೆ ಎನ್ನುವುದೆಲ್ಲ ಓಣಿಗೆ ಗೊತ್ತಿತ್ತು.

ನನ್ನಣ್ಣ ಪ್ರದ್ಯೋತ್ ಅವಳನ್ನು ಒಂದು ಡಿಸೆಂಬರಿನಲ್ಲಿ ಡಾರ್ಜಿಲಿಂಗಿಗೆ ಕರೆದುಕೊಂಡು ಹೋಗಿದ್ದ. ಸಾಧುಖಾ ಬಾಬುವಿನ ಟೂರ್ ಕಂಪನಿ, ಜೊತೆಗೆ ನಮ್ಮದೇ ಅಡುಗೆಯವರು, ನಮ್ಮದೇ ಅಕ್ಕಿ. ಹಣ ಕಟ್ಟಿದವರಿಗೆಲ್ಲ ಕಂಪನಿಯ ಉಡುಗೊರೆ ಒಂದು ಮರೂನ್ ಮಂಕಿ ಕ್ಯಾಪ್. ಬಂಗಾಳಿಗಳಿಗೆ ಚಳಿಯ ಭಯ ಎಷ್ಟು ಅಂತ ಹೇಳಬೇಕೆ? ಹಿಮಾಲಯ ದೂರದಲ್ಲಿ ಕಂಡರೂ ಸಾಕು, ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಕೊಳ್ಳುತ್ತಾರೆ. ಸೂರ್ಯೋದಯ ನೋಡಲು ಬೆಳಗಿನ ಜಾವ ಎಲ್ಲರನ್ನೂ ಎಬ್ಬಿಸಿ ಬಸ್ಸಿನಲ್ಲಿ ಗುಡ್ಡದ ಮೇಲಕ್ಕೆ ಸಾಗಿಸಿದರು. ಸೂರ್ಯ ಕಾಣಲಿಲ್ಲ, ಬರೀ ಮಂಜು. ಬೈದುಕೊಂಡೇ ಬಸ್ಸಿಗೆ ವಾಪಸು ಬಂದರು. ಒಳಗೆ ಇನ್ನೂ ಕತ್ತಲೆ. ಸಾಧುಖಾ ಬಾಬು ನಡುವಿನ ದಾರಿಯಲ್ಲಿ ನಡೆಯುತ್ತ ಒಂದೊಂದು ಟೋಪಿಯ ಮೇಲೂ ಕೈಯಿಟ್ಟು ತಲೆ ಎಣಿಸಿದರು. ಲೆಕ್ಕ ಸರಿಯಾಯಿತು. ಬಸ್ಸು ಇಳಿಯತೊಡಗಿತು.

ಬೌದಿ ದಾರಿಯುದ್ದಕ್ಕೂ ಪಕ್ಕದವನನ್ನು ಬೈದಳಂತೆ. ಶಾಲು ಎಲ್ಲಿ ಬಿಟ್ರಿ, ಸ್ವೆಟರ್ ಗುಂಡಿ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ, ಅಂತೆಲ್ಲ. ಅವನು ಮಾತಾಡಲಿಲ್ಲ, ತಲೆಯಾಡಿಸಿದ. ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಬೆಳಗ್ಗೆ ಹೊಟ್ಟೆ ಸಲೀಸಾಗುವ ತನಕ ನನ್ನಣ್ಣ ಬಾಯಿ ಬಿಡುವ ಗಂಡಸೇ ಅಲ್ಲ. ಅವನು ಅವಳ ಕೈ ಹಿಡಿದುಕೊಂಡ. ಅವಳು ಭುಜಕ್ಕೆ ಒರಗಿ ನಿದ್ದೆ ಹೋದಳು. ಹೋಟೆಲ್ ಬಂದಾಗ ಅವನಿಗೆ ಬಿಸಿನೀರು ಹಿಡಿದಿಡಬೇಕು ಎಂದು ಎಲ್ಲರಿಗಿಂತ ಮೊದಲು ಇಳಿದು ಓಡಿದಳು. ಬಕೆಟ್ಟಿನ ನೀರು ಆರಿತು. ಅಣ್ಣ ಬರಲಿಲ್ಲ.

ಮಧ್ಯಾಹ್ನ ಅವನು ಗುಡ್ಡದ ಮೇಲೇ ಸಿಕ್ಕಿದ. ಚಹಾ ಅಂಗಡಿಗಳ ಹಿಂದೆ, ಮರಕ್ಕೆ ಬೆನ್ನು ಕೊಟ್ಟು ಕೂತಿದ್ದ, ಟೋಪಿ ತಲೆಯ ಮೇಲೇ ಇತ್ತು. ಹೃದಯ ನಿಂತಿತ್ತು. ಬೆಳಕು ಹರಿಯುವ ಮುಂಚೆಯೇ ಹೋಗಿದ್ದಾರೆ ಎಂದರು ಡಾಕ್ಟರು.

ಹಾಗಾದರೆ ಬಸ್ಸಿನಲ್ಲಿ ಕೂತಿದ್ದವನು ಯಾರು? ಪುಕ್ಕಟೆಯಾಗಿ ಗುಡ್ಡ ಇಳಿಯಲು ಬಸ್ಸು ಹತ್ತಿದ ಯಾವನೋ ದಾರಿಹೋಕ ಎಂದರು ಎಲ್ಲರೂ. ಅಂಥವನು ಇಳಿದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಬೌದಿ ಒಂದೇ ಮಾತು ಹೇಳಿದಳು: "ಕೈ ಬೆಚ್ಚಗಿತ್ತು." ಸತ್ತವನ ಕೈ ಬೆಚ್ಚಗಿರುತ್ತದೆಯೇ ಎಂದು ಅವಳ ಸ್ವಂತ ಅಕ್ಕನೇ ಕೇಳಿದಳು. ಆಮೇಲೆ ಬೌದಿ ಆ ಮಾತು ಎತ್ತಲಿಲ್ಲ. ಆದರೆ ಪ್ರತಿ ಚಳಿಗಾಲ ಅವಳು ತನ್ನ ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅವನೇ ಆಗಿದ್ದರೆ ಗಂಡ ತನ್ನನ್ನು ಕೆಳಗಿನವರೆಗೆ ಬಿಟ್ಟು ಹೋದ. ಅಲ್ಲವಾದರೆ ಗಂಡ ಮೇಲೆ ಒಂಟಿಯಾಗಿ ಸಾಯುವಾಗ ತಾನು ಇನ್ಯಾರದೋ ಭುಜದ ಮೇಲೆ ನಿದ್ದೆ ಹೊಡೆದಂತಾಯಿತು. ಇವೆರಡರ ನಡುವೆ ಸಿಕ್ಕಿಕೊಂಡು ಬದುಕಿದವಳು ಅವಳು.

ನಾನು ಬುಲು. ಮದುವೆಯಾಗದೆ ಅದೇ ಮನೆಯಲ್ಲಿ ಉಳಿದವಳು. ಬೆಟ್ಟ ನೋಡುವ ಆಸೆ ನನಗೆ ಚಿಕ್ಕಂದಿನಿಂದ. ಕರೆದುಕೊಂಡು ಹೋಗುತ್ತೇನೆ ಎಂದು ಅಣ್ಣ ಮಾತು ಕೊಟ್ಟಿದ್ದ. ಹೋದ ವರ್ಷ ಸಾಧುಖಾ ಬಾಬುವಿನ ಮಗ ಬಾಪಿ ಡಾರ್ಜಿಲಿಂಗ್ ಟೂರಿನ ಸುದ್ದಿ ತಂದಾಗ ನಾನು ಹೊರಟೇಬಿಡುತ್ತೇನೆ ಎಂದೆ. ಬೌದಿ ಬೇಡ ಎಂದಳು. ಹೋಗೇ ಹೋಗ್ತೀನಿ ಎಂದೆ. ನನ್ನ ಮೇಲೆ ಆಣೆ ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನು ಮಾಡಿದ್ದಕ್ಕೆ ನಾನ್ಯಾಕೆ ಮನೇಲಿ ಕೊಳೀಬೇಕು? ಗಂಡನ ಭುಜ ಯಾವ್ದು, ಕಂಡವನ ಭುಜ ಯಾವ್ದು ಅಂತ ಗೊತ್ತಾಗ್ಲಿಲ್ವಲ್ಲ ನಿನಗೆ! ನಾನಾಗಿದ್ರೆ ಕಣ್ಣು ಮುಚ್ಕೊಂಡೇ ಹೇಳ್ತಿದ್ದೆ, ಇವನು ನನ್ನಣ್ಣ ಅಲ್ಲ ಅಂತ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಏನು ಪ್ರಯೋಜನ? ಬೌದಿ ಎದ್ದು ಒಳಗೆ ಹೋದಳು. ಆ ವಾರವಿಡೀ ಜಗಲಿಗೆ ಬರಲಿಲ್ಲ. ಸಲಹೆ ಕೇಳಲು ಬಂದವರಿಗೆ ನಾನೇ ಬಾಯಿಗೆ ಬಂದ ಊರು ಹೇಳಿ ಕಳಿಸಿದೆ. ಆಮೇಲೊಂದು ಬೆಳಗ್ಗೆ ನೋಡುತ್ತೇನೆ, ಅಟ್ಟದಿಂದ ಆ ಚೀಲ ಇಳಿಸಿ ಒದರುತ್ತಿದ್ದಾಳೆ.

"ಬಾಪಿಗೆ ಹೇಳಿದೀನಿ. ನಮ್ಮಿಬ್ರಿಗೂ ಸೀಟು," ಎಂದಳು. "ನೀನೂ ಒಂದ್ಸಲ ಆ ಬಸ್ಸಲ್ಲಿ ಕೂತು ನೋಡು."

ಕ್ಷಮೆ ಕೇಳಬೇಕು ಅಂದುಕೊಂಡೆ. ರೈಲಿನಲ್ಲಿ ಕೇಳೋಣ ಎಂದರೆ ಬಾಪಿಯ ಜನ ಪೂರಿ ಆಲೂಗೆಡ್ಡೆ ಹಂಚುವ ಗದ್ದಲ. ಹೋಟೆಲಿನಲ್ಲಿ ಕೇಳೋಣ ಎಂದರೆ ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಬೆಳಗಿನ ಜಾವ ಬಾಪಿ ಬಾಗಿಲು ತಟ್ಟಿ ಟೋಪಿಗಳನ್ನು ಕೈಗಿಟ್ಟ. ಅದೇ ಮರೂನ್. "ಈಗಲೂ ಎಲ್ರಿಗೂ ಕೊಡ್ತೀವಿ ಮಾಸಿ," ಎಂದ. ನಾವಿಬ್ಬರೂ ಹಾಕಿಕೊಂಡೆವು.

ಗುಡ್ಡದ ಮೇಲೆ ಆವತ್ತೂ ಮಂಜು. ಬೌದಿ ಚಹಾ ಅಂಗಡಿಗಳ ಹಿಂದೆ ಹೋಗಿ ಬಹಳ ಹೊತ್ತು ನಿಂತಳು. ಹತ್ತಿರ ಹೋಗಲು ನನಗೆ ಧೈರ್ಯ ಸಾಲಲಿಲ್ಲ. ಚಳಿ ತಡೆಯಲಾರದೆ ಮೊದಲೇ ಬಂದು ಬಸ್ಸಿನ ಕಿಟಕಿ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಟೋಪಿ ಹಾಕಿ, ಶಾಲು ಹೊದ್ದುಕೊಂಡು ಅವಳೂ ಬಂದು ಕೂತಳು. ಬಾಪಿ ಅವರಪ್ಪನ ಹಾಗೇ ಟೋಪಿ ಮುಟ್ಟಿ ಮುಟ್ಟಿ ತಲೆ ಎಣಿಸಿದ. ಬಸ್ಸು ಹೊರಟಿತು. ಈಗಲಾದರೂ ಹೇಳಿಬಿಡೋಣ ಎಂದು ಅವಳ ಕೈ ಹುಡುಕಿದೆ.

"ತಪ್ಪಾಯ್ತು ಬೌದಿ. ನಾನು ಹಾಗನ್ನಬಾರದಾಗಿತ್ತು. ಅಣ್ಣ ಹೋದ ಸಂಕಟಾನ ನಿನ್ನ ಮೇಲೆ ಕಾರಿಕೊಂಡೆ."

ಅವಳು ಮಾತಾಡಲಿಲ್ಲ. ತಲೆಯಾಡಿಸಿ ನನ್ನ ಬಲಗೈಯನ್ನು ಒತ್ತಿ ಹಿಡಿದಳು. ಎದೆಯ ಮೇಲಿನ ಭಾರ ಇಳಿದು ನನಗೆ ಅಳು ಬಂತು, ಅಳುತ್ತಲೇ ಅವಳ ಭುಜಕ್ಕೆ ಒರಗಿ ನಿದ್ದೆ ಹೋದೆ. ಎಷ್ಟೋ ವರ್ಷಗಳ ಮೇಲೆ ಅಂಥ ನಿದ್ದೆ.

ಎಚ್ಚರವಾದಾಗ ಬಸ್ಸು ಹೋಟೆಲ್ ಮುಂದೆ ನಿಂತಿತ್ತು. ಪಕ್ಕದ ಸೀಟು ಖಾಲಿ. ಇಳಿದು ನೋಡಿದರೆ ಬೌದಿ ಮುಂದೆ, ಡ್ರೈವರ್ ಪಕ್ಕದ ಬಾಗಿಲಿಂದ ಬಾಪಿಯ ಕೈ ಹಿಡಿದು ಇಳಿಯುತ್ತಿದ್ದಾಳೆ. ಮುಖ ಬಿಳಚಿಕೊಂಡಿದೆ, ಶಾಲಿನ ಮೇಲೆಲ್ಲ ವಾಂತಿ.

"ಯಾವಾಗ ಎದ್ದು ಮುಂದೆ ಹೋದೆ?" ಎಂದೆ.

"ನಾನೆಲ್ಲೇ ಎದ್ದೆ? ಹತ್ತುವಾಗಲೇ ಹೊಟ್ಟೆ ತೊಳಸ್ತಿತ್ತು, ಬಾಪಿ ಮುಂದೇನೇ ಕೂರಿಸಿದ. ನಿನ್ನ ಕೂಗ್ದೆ, ನೀನು ಕೇಳಿಸ್ಕೊಳ್ಳಲಿಲ್ಲ."

ಬಾಪಿ ನಮ್ಮಿಬ್ಬರ ಮುಖ ನೋಡಿದ. "ಮಾಸಿ, ಮುಂದೆ ಕೂತವರನ್ನ ನಾನು ಎಣಿಸ್ಲೇ ಇಲ್ಲ. ಮರೆತೇಬಿಟ್ಟೆ. ಆದ್ರೂ ಲೆಕ್ಕ ಸರಿ ಬಂತಲ್ಲ..."

ಕಣ್ಣು ಮುಚ್ಚಿಕೊಂಡೇ ಹೇಳುತ್ತೇನೆ ಎಂದವಳು ನಾನು. ಬೌದಿ ನನ್ನ ಹತ್ತಿರ ಬಂದು, ನನ್ನ ಟೋಪಿಯನ್ನು ಮೇಲೆತ್ತಿ, ಮುಖವನ್ನೇ ನೋಡಿದಳು.

"ಬುಲು," ಎಂದಳು. "ಕೈ ಬೆಚ್ಚಗಿತ್ತಾ?"

"ಬೆಚ್ಚಗಿತ್ತು ಬೌದಿ."

ಅವಳು ಹೋಟೆಲಿನ ಮೆಟ್ಟಿಲ ಮೇಲೆ ಕುಸಿದು ಕೂತು ಗೋಳೋ ಎಂದು ಅತ್ತಳು. ಅಣ್ಣನ ಹೆಣ ಮನೆಗೆ ಬಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದೆ. ಚಳಿಗೆ ನನ್ನ ಎಡಗೈ ಮರಗಟ್ಟಿಹೋಗಿತ್ತು. ಬಲಗೈ ಇನ್ನೂ ಬಿಸಿಯಾಗಿತ್ತು.