ಒಬ್ಬರೇ ಹಾಡಬಾರದ ಹಾಡು

ಜೆಸ್ಸಿಗೆ ಸಿಟ್ಟು ಬಂದರೆ ಕುವೈತಿನ ಅಹ್ಮದಿ ಪಟ್ಟಣದ ಏಸಿಗೂ ಬೆವರು ಬರುತ್ತದೆ ಎಂದು ಊರ ಕಡೆಯ ಡ್ರೈವರ್ ಮುತ್ತಲಿಬ್ ಹೇಳುವುದುಂಟು. ಹೇಳಲಿ ಬಿಡಿ. ಕಿನ್ನಿಗೋಳಿಯಿಂದ ಮನೆಗೆಲಸದ ವೀಸಾದಲ್ಲಿ ಬಂದಿಳಿದ ಆ ಹುಡುಗಿ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮೊದಲ ಕಫೀಲನ, ಅಂದರೆ ವೀಸಾ ಕೊಟ್ಟ ಯಜಮಾನನ ಮುಂದೆ ಕೈಕಟ್ಟಿ ನಿಂತಿದ್ದರೆ ಇವತ್ತಿಗೂ ಅದೇ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ಜಗಳವಾಡಿಯೇ ಪಾಸ್‌ಪೋರ್ಟ್ ಬಿಡಿಸಿಕೊಂಡಳು. ಜಗಳವಾಡಿಯೇ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಆಯಾ ಆದಳು. ಅಲ್ಲಿ ಕಲಿತ ಕೆಲಸದಿಂದ ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವವಳಾದಳು. ಗಂಡ ತೀರಿಕೊಂಡ ಮೇಲೆ ಮಗ ಡ್ಯಾರೆನ್‌ನನ್ನು ಊರಲ್ಲಿ ಓದಿಸಿದ್ದೂ ಇದೇ ಸಿಟ್ಟಿನ ಬಲದಿಂದ. ಶುಕ್ರವಾರ ಇಗರ್ಜಿಯ ಕಾಯರ್‌ನಲ್ಲಿ ಹಾಡುವಾಗ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು.

ಅವಳು ಕೊನೆಯದಾಗಿ ನೋಡಿಕೊಂಡದ್ದು ಯಾನುಷ್ ಎಂಬ ಪೋಲೆಂಡಿನ ಮುದುಕರನ್ನು. ಮಗ ಟೊಮಾಶ್ ಎಣ್ಣೆ ಕಂಪೆನಿಯಲ್ಲಿ ಇಂಜಿನಿಯರ್. ಮುದುಕರ ಹೆಂಡತಿ ಇಲ್ಲೇ ತೀರಿಕೊಂಡು ಕುವೈತಿನ ಮಣ್ಣಲ್ಲೇ ಮಲಗಿದ್ದರು. ಆಕೆಯನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ ಮುದುಕರಿಗೆ ಲಕ್ವಾ ಹೊಡೆದು ಬಲಗಾಲು ಬಿದ್ದುಹೋಗಿತ್ತು. ಜೆಸ್ಸಿ ಅವರನ್ನು ಅಜ್ಜ ಎಂದೇ ಕರೆದಳು. ಇಬ್ಬರದೂ ಒಡಕು ಇಂಗ್ಲಿಷ್, ಆದರೆ ಜಗಳಕ್ಕೆ ಅಷ್ಟು ಸಾಕಾಗುತ್ತಿತ್ತು.

ಮೊದಲ ಜಗಳ ಒಂದು ಪಟ್ಟಿಯಿಂದ. ಅಜ್ಜನ ದಿಂಬಿನಡಿಯಲ್ಲಿ ನೀಲಿ, ಕಂದು, ಬಿಳಿ ಬಣ್ಣದ, ಹೆಗಲಿಂದ ಸೊಂಟಕ್ಕೆ ಅಡ್ಡ ಹಾಕುವಷ್ಟು ಉದ್ದದ ಹಳೆಯ ರೇಷ್ಮೆ ಪಟ್ಟಿ ಸಿಕ್ಕಿತು. ಕಿನ್ನಿಗೋಳಿಯ ಇಗರ್ಜಿಯಲ್ಲಿ ಮಾತೆ ಮರಿಯಳ ಸೊಡಾಲಿಟಿ ಎಂಬ ಭಕ್ತಸಂಘಕ್ಕೆ ಸೇರಿದ ಹೆಂಗಸರು ಪದಕ ಕಟ್ಟಿದ ನೀಲಿ ರಿಬ್ಬನ್ ಹಾಕುತ್ತಾರೆ, ಸತ್ತರೆ ಅದರ ಸಮೇತ ಹೂಳುತ್ತಾರೆ. ಇದೂ ಅಂಥದ್ದೇ, ಪಾಪ, ಪದಕ ಎಲ್ಲೋ ಬಿದ್ದುಹೋಗಿದೆ ಎಂದುಕೊಂಡ ಜೆಸ್ಸಿ ತನ್ನ ಕೊರಳಿನ ಸರದಿಂದ ಮರಿಯಮ್ಮನ ಪದಕ ಬಿಚ್ಚಿ ಅದಕ್ಕೆ ಹೊಲಿದು, ಪಟ್ಟಿಯನ್ನು ಮಡಚಿ ದೇವರ ಪಟದ ಮುಂದಿಟ್ಟಳು. ಮುದುಕರು ಮನೆ ಹಾರಿಹೋಗುವ ಹಾಗೆ ಕೂಗಿದರು.

"ಇದಕ್ಕೆ ಏನನ್ನೂ ಸೇರಿಸಬಾರದು! ಇದು ನಮ್ಮ ಸಂಘದ ಬಣ್ಣ!"

"ಹಾಗಾದರೆ ದಿಂಬಿನ ಅಡಿಗೆ ಯಾಕೆ ತುರುಕಿಟ್ಟದ್ದು? ಬಣ್ಣಕ್ಕೆ ಮರ್ಯಾದೆ ಬೇಡವಾ?" ಎಂದು ಜೆಸ್ಸಿಯೂ ಬಿಡಲಿಲ್ಲ.

ಮುದುಕರು ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. ಪದಕ ಅಲ್ಲೇ ಉಳಿಯಿತು. ಅವತ್ತಿನಿಂದ ಸಂಘದ ಚರಿತ್ರೆ ಶುರುವಾಯಿತು. ಔಷಧ ಕುಡಿಸುವಾಗ, ಕಾಲಿಗೆ ಎಣ್ಣೆ ತಿಕ್ಕುವಾಗ, ಎಲ್ಲಾ ಹೊತ್ತಿಗೂ ಅದೇ.

ರಶ್ಯದ ಚಕ್ರವರ್ತಿ ಪೋಲೆಂಡನ್ನು ಆಳುತ್ತಿದ್ದಾಗ ಕಾಲೇಜು ಹುಡುಗರು ಕೂಡಿ ಕಟ್ಟಿದ ಸಂಘ ಅದು. ಸೇರಿದವನು ಸಾಯುವವರೆಗೂ ಸಹೋದರ. ತಲೆಗೊಂದು ಟೋಪಿ, ಎದೆಗೊಂದು ಪಟ್ಟಿ, ಬಾಯಿಗೊಂದು ಹಾಡು. ಆಮೇಲೆ ಜರ್ಮನರು ಬಂದು ಸಹೋದರರನ್ನು ಕೊಂದರು. ಅವರ ಹಿಂದೆ ಬಂದ ಕಮ್ಯುನಿಸ್ಟ್ ಸರಕಾರ ಸಂಘವನ್ನೇ ನಿಷೇಧಿಸಿತು. ಯಾನುಷರ ಅಪ್ಪ ಈ ಪಟ್ಟಿಯನ್ನು ಕೋಟಿನ ಅಸ್ತರಿನೊಳಗೆ ಹೊಲಿದು ಬಚ್ಚಿಟ್ಟರು. ಯಾನುಷ್ ಕಾಲೇಜಿಗೆ ಹೋಗುವ ಹೊತ್ತಿಗೆ ಸಂಘ ಉಳಿದಿದ್ದದ್ದು ಅಡುಗೆಮನೆಗಳಲ್ಲಿ ಮಾತ್ರ. ಪಕ್ಕದ ಮನೆಯವರ ಕಿವಿಗೆ ಬೀಳದಂತೆ ನಲ್ಲಿ ತಿರುಗಿಸಿಟ್ಟು, ನೀರು ಸುರಿಯುವ ಸದ್ದಿನ ಮರೆಯಲ್ಲಿ ಅವರಿಗೆ ದೀಕ್ಷೆ ಕೊಟ್ಟರಂತೆ.

ಹಾಡಿಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪೋಲಿಷ್ ಭಾಷೆಯ ಆ ಹಾಡನ್ನು ಒಬ್ಬರೇ ಹಾಡಬಾರದು. ಒಬ್ಬ "ಅಣ್ಣಾ, ಇದ್ದೀಯಾ?" ಎಂದು ಎತ್ತಬೇಕು, ಇನ್ನೊಬ್ಬ "ಇದ್ದೇನೆ ಅಣ್ಣಾ, ಇಲ್ಲೇ ಇದ್ದೇನೆ" ಎಂದು ಉತ್ತರ ಕೊಡಬೇಕು. ಮೊದಲ ಸಾಲು ಕಿವಿಗೆ ಬಿದ್ದ ಸಹೋದರ ಜೈಲಿನಲ್ಲಿರಲಿ, ಸಂತೆಯಲ್ಲಿರಲಿ, ಉತ್ತರ ಕೊಡಲೇಬೇಕು. ಪೊಲೀಸರಿಗೆ ಹೆದರಿ ಬಾಯಿ ಬಿಡದವನನ್ನು ಸಂಘದಿಂದ ಹೊರಗೆ ಹಾಕಿದ್ದರಂತೆ. ಸತ್ತವನ ಪೆಟ್ಟಿಗೆ ಮುಚ್ಚುವ ಮುಂಚೆ ಕೊನೆಯ ಸಲ ಆ ಹಾಡು ಆಗಬೇಕು.

"ನನಗೂ ಆಗಬೇಕು, ಜೆಸ್ಸಿ. ನನ್ನ ಅಪ್ಪನಿಗೆ ಆಗಲಿಲ್ಲ. ಮಣ್ಣು ಮಾಡುವ ಜಾಗದಲ್ಲಿ ಪೊಲೀಸರು ನಿಂತಿದ್ದರು, ನಾನು ಹೆದರಿ ಸುಮ್ಮನಿದ್ದೆ."

ಹೇಳುವಾಗ ಅಜ್ಜನ ಕಣ್ಣಲ್ಲಿ ನೀರು ಬಂದಿತ್ತು. ಆ ಮಾತು ಜೆಸ್ಸಿಯ ಮನಸ್ಸಿಗೆ ನಾಟಿತು.

ಈಗ ಸಂಘಕ್ಕೆ ಯಾರ ಹೆದರಿಕೆಯೂ ಇಲ್ಲ, ಪೋಲೆಂಡಿನಲ್ಲಿ ರಾಜಾರೋಷವಾಗಿ ನಡೆಯುತ್ತಿದೆ. ಕೊಲ್ಲಿ ದೇಶಗಳಲ್ಲೂ ಇಬ್ಬರು ಸಹೋದರರು ಇದ್ದರು, ದೋಹಾದಲ್ಲಿ ಲೆಶೆಕ್, ದುಬೈಯಲ್ಲಿ ಇನ್ನೊಬ್ಬ. ಪ್ರತಿ ವರ್ಷ ಸಂಘ ಹುಟ್ಟಿದ ದಿನ ಅಜ್ಜ ಕ್ಷೌರ ಮಾಡಿಸಿಕೊಂಡು, ಪಟ್ಟಿ ಹಾಕಿ, ಗಾಲಿಕುರ್ಚಿಯಲ್ಲಿ ಮೇಜಿನ ಮುಂದೆ ನೆಟ್ಟಗೆ ಕೂರುತ್ತಿದ್ದರು. ಕುವೈತಿನಲ್ಲಿ ಬಿಯರ್ ಎಲ್ಲಿಂದ ಬರಬೇಕು? ದಾಳಿಂಬೆ ಜ್ಯೂಸನ್ನೇ ಮೂರು ಲೋಟಕ್ಕೆ ಹಾಕಿಸುತ್ತಿದ್ದರು. ಫೋನ್ ಮಾಡಿದರೆ ಲೆಶೆಕ್‌ಗೆ ಮೀಟಿಂಗ್, ದುಬೈಯವನಿಗೆ ರಜೆ ಇಲ್ಲ. ಮುಂದಿನ ವರ್ಷ ಖಂಡಿತ ಎನ್ನುವರು. ಥೂ! ಒಂದೂವರೆ ಗಂಟೆಯ ವಿಮಾನ ಹತ್ತಲಾಗದವರು ಸಾಯುವವರೆಗೆ ಸಹೋದರರಂತೆ! ಮಗನಾದರೂ ಕೂರಬಹುದಿತ್ತು. ಟೋಪಿ ಹಾಕಿಕೊಳ್ಳುವ ಹುಚ್ಚು ತನಗೆ ಬೇಡ ಎಂದು ಟೊಮಾಶ್ ಯಾವತ್ತೋ ಕೈತೊಳೆದುಕೊಂಡಿದ್ದ.

ಮೂರನೆಯ ವರ್ಷ ಜೆಸ್ಸಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಬಂದು, ಖಾಲಿ ಕುರ್ಚಿಯಲ್ಲಿ ಕೂತಳು.

"ಹಾಡಿ ಅಜ್ಜ. ಉತ್ತರ ನಾನು ಕೊಡುತ್ತೇನೆ."

"ಹೆಂಗಸರು ಹಾಡಬಾರದು, ಜೆಸ್ಸಿ."

"ಗಂಡಸರು ಎಲ್ಲಿದ್ದಾರೆ? ತೋರಿಸಿ ನೋಡುವ."

ಅಜ್ಜ ಒಂದು ಲೋಟವನ್ನು ಅವಳತ್ತ ಸರಿಸಿ ಮೊದಲ ಸಾಲು ಎತ್ತಿದರು. ಅವರು ಹೇಳಿ ಹೇಳಿ ಅವಳ ಕಿವಿಯಲ್ಲಿ ಕೂತಿದ್ದ ಉತ್ತರವನ್ನು ಜೆಸ್ಸಿ ತನಗೆ ಬಂದ ಹಾಗೆ ಹಾಡಿದಳು. ಅಜ್ಜ ಅವತ್ತು ಎರಡು ಲೋಟ ಜ್ಯೂಸ್ ಕುಡಿದರು.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಂಡತಿಯ ಪಕ್ಕದಲ್ಲೇ ಮಣ್ಣು ಮಾಡುವುದೆಂದು ತೀರ್ಮಾನವಾಯಿತು. ಜೆಸ್ಸಿಯೇ ಟೊಮಾಶ್‌ನ ತಲೆ ತಿಂದು ಸಂಘದ ಆ ಇಬ್ಬರಿಗೂ ಫೋನ್ ಮಾಡಿಸಿದಳು. ಇಬ್ಬರೂ ಬರುತ್ತೇವೆ ಎಂದರು.

"ಸತ್ತ ಮೇಲೆ ಬರ್ತಾರಂತೆ! ಬದುಕಿದ್ದಾಗ ಬರ್ಲಿಕ್ಕೆ ಎಂತ ರೋಗ ಇತ್ತು ಇವರಿಗೆ?" ಎಂದು ಸ್ಮಶಾನದ ದಾರಿಯುದ್ದಕ್ಕೂ ಅವಳು ಮುತ್ತಲಿಬ್‌ನ ಮೇಲೆ ಹರಿಹಾಯ್ದಳು.

"ನನ್ನ ಹತ್ರ ಯಾಕೆ ಜೋರು ಮಾಡುವುದು ಬಾಯಮ್ಮ? ನಾನು ಆ ಸಂಘದವನಾ?" ಎಂದ ಅವನು. "ಬರ್ತಾರಲ್ಲ, ಹಾಡ್ಲಿ. ಅಜ್ಜನಿಗೆ ಬೇಕಾದ್ದು ಅದೇ ಅಲ್ವಾ?"

ಬಂದದ್ದು ಒಬ್ಬನೇ. ಲೆಶೆಕ್ ಹೊಸ ಸೂಟು, ಅದರ ಮೇಲೆ ಪಟ್ಟಿ, ತಲೆಗೆ ಟೋಪಿ ಹಾಕಿಕೊಂಡು ಸ್ಮಶಾನದಲ್ಲಿ ನಿಂತಿದ್ದ. ದುಬೈಯವನಿಗೆ ವೀಸಾ ಆಗಲಿಲ್ಲವಂತೆ. ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯ ಮುಚ್ಚಳ ಹಿಡಿದ ಕೆಲಸದವರು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದರು. ಲೆಶೆಕ್ ಟೋಪಿ ತೆಗೆದು ತಲೆತಗ್ಗಿಸಿದನೇ ಹೊರತು ಬಾಯಿ ಬಿಡಲಿಲ್ಲ.

"ಹಾಡು?" ಎಂದಳು ಜೆಸ್ಸಿ.

"ಒಬ್ಬನೇ ಹಾಡುವಂತಿಲ್ಲ ಮೇಡಂ. ಅದು ನಮ್ಮ ನಿಯಮ," ಎಂದ ಲೆಶೆಕ್. ಆಮೇಲೆ ಅಜ್ಜನ ಎದೆಯ ಮೇಲಿದ್ದ ಪಟ್ಟಿಯನ್ನು ನೋಡಿ ಹುಬ್ಬು ಗಂಟಿಕ್ಕಿದ. "ಇದೇನಿದು? ಬಣ್ಣಕ್ಕೆ ಏನನ್ನೂ ಸೇರಿಸಬಾರದು." ಪದಕ ಕಿತ್ತುಹಾಕಲು ಕೈ ಚಾಚಿದ.

ಜೆಸ್ಸಿ ಆ ಕೈಗೆ ಫಟಾರನೆ ಹೊಡೆದಳು.

"ಮುಟ್ಟಿದರೆ ನೋಡು! ನಿಯಮವಂತೆ ನಿಯಮ! ವರ್ಷ ವರ್ಷ ಲೋಟ ತುಂಬಿಸಿಟ್ಟು ನಿಮ್ಮ ದಾರಿ ಕಾದರಲ್ಲ ಈ ಮುದುಕರು, ಆಗ ಎಲ್ಲಿ ಹೋಗಿತ್ತು ನಿನ್ನ ನಿಯಮ? ಇವರ ಉಚ್ಚೆ ಬಾಚಿದ್ದು ನಾನು. ರಾತ್ರಿ ಕೈ ಹಿಡಿದುಕೊಂಡು ಕೂತದ್ದು ನಾನು. ನೀನು ಟೋಪಿ ಹಾಕಿಕೊಂಡು ಹೆಣಕ್ಕೆ ನಿಯಮ ಹೇಳಲಿಕ್ಕೆ ಬಂದದ್ದಾ?"

ಟೊಮಾಶ್ "ಜೆಸ್ಸಿ, ಪ್ಲೀಸ್" ಎಂದ. ಅವಳು ಅವನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೆಲಸದವರು ಮುಚ್ಚಳ ಎತ್ತಿದರು. ಅಜ್ಜನ ಅಪ್ಪನಿಗೂ ಹಾಡು ಆಗಲಿಲ್ಲ, ಅಜ್ಜನಿಗೂ ಇಲ್ಲ, ಈ ಮುಚ್ಚಳ ಬಿದ್ದರೆ ಮುಗಿಯಿತು. ಜೆಸ್ಸಿ ಪೆಟ್ಟಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದು, ಲೆಶೆಕ್‌ನ ಕಣ್ಣಲ್ಲಿ ಕಣ್ಣಿಟ್ಟು, ಅಜ್ಜನ ಸಾಲನ್ನು ತಾನೇ ಎತ್ತಿದಳು.

ಅಣ್ಣಾ, ಇದ್ದೀಯಾ?

ಉಚ್ಚಾರ ಕಿನ್ನಿಗೋಳಿಯದು. ಸಿಟ್ಟಿಗೆ ದನಿ ಬಿರಿದಿತ್ತು. ಆದರೆ ಅದು ಅದೇ ಸಾಲು, ಅದೇ ಧಾಟಿ. ಲೆಶೆಕ್‌ನ ಮುಖ ಬಿಳಿಚಿಕೊಂಡಿತು. ಅವನು ಟೊಮಾಶ್‌ನ ಕಡೆ ನೋಡಿದ, ಪಾದ್ರಿಗಳ ಕಡೆ ನೋಡಿದ. ಜೆಸ್ಸಿ ಕಣ್ಣು ತೆಗೆಯಲಿಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ ಎತ್ತಿದಳು.

ಕೇಳಿಸಿಕೊಂಡವನು ಉತ್ತರ ಕೊಡಲೇಬೇಕಲ್ಲ. ಲೆಶೆಕ್ ಹಾಡತೊಡಗಿದ. ಇದ್ದೇನೆ ಅಣ್ಣಾ, ಇಲ್ಲೇ ಇದ್ದೇನೆ. ಎರಡನೆಯ ಮಾತಿಗೆ ಬರುವಾಗ ಅವನಿಗೆ ದುಃಖ ಒತ್ತರಿಸಿ ಬಂದು ಸಾಲು ಪೂರೈಸುವುದೇ ಕಷ್ಟವಾಯಿತು. ಪೂರೈಸಿದ ಮೇಲೆ ಜೆಸ್ಸಿ ಪೆಟ್ಟಿಗೆಯಿಂದ ಕೈ ತೆಗೆದಳು, ಕೆಲಸದವರು ಮುಚ್ಚಿದರು.

ಆಮೇಲೆ ಲೆಶೆಕ್ ಅವಳತ್ತ ಕೈ ಚಾಚಿ ಏನೋ ಹೇಳಲು ಬಂದ. ಜೆಸ್ಸಿ ನಿಲ್ಲಲಿಲ್ಲ. ಕಾರಿನ ಬಾಗಿಲು ದಢಾರನೆ ಹಾಕಿಕೊಂಡು ಕೂತಳು.

"ಹಾಡಾಯ್ತಲ್ಲ ಬಾಯಮ್ಮ, ಇನ್ನಾದ್ರೂ ಸಿಟ್ಟು ಇಳೀತಾ?" ಎಂದು ಕೇಳಿದ ಮುತ್ತಲಿಬ್.

"ಎಂತದು ಇಳಿಯುವುದು?" ಎಂದಳು ಜೆಸ್ಸಿ, ಕಣ್ಣೊರೆಸಿಕೊಳ್ಳುತ್ತಾ. "ಇಲ್ಲೇ ಇದ್ದೇನೆ ಅಂತ ಈಗ ಹಾಡ್ತಾನೆ. ಬದುಕಿದ್ದಾಗ ಅಜ್ಜ ಎಷ್ಟು ಸಲ ಕೇಳಿದ್ದರು ಅವನ ಹತ್ರ! ನೀನು ಗಾಡಿ ಬಿಡು."