ಕೆಂಚಾರ್ಲಹಳ್ಳಿಯ ದಾರಿಯಲ್ಲಿ ಹೊಸ ಏರ್ ಫಿಲ್ಟರ್

ನಾವು ಗೌರಿಬಿದನೂರು ಬಿಟ್ಟಾಗ ಬೆಳಗಿನ ಏಳು ಗಂಟೆ ಇರಬಹುದು. ಮೇ ತಿಂಗಳ ಕೊನೆ. ಹಿಂದಿನ ಸಂಜೆ ನಾಲ್ಕು ಹನಿ ಬಿದ್ದು ಧೂಳು ಅಡಗಿತ್ತು; ಅದೂ ದೇವರ ದಯೆಯೇ ಅಂದುಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿ ಕೂತೆ. ಆಗಿನ್ನೂ ನಮ್ಮ ಕಡೆಯೆಲ್ಲ ಕೋಲಾರ ಜಿಲ್ಲೆಗೇ ಸೇರಿತ್ತು. ಎರಡು ಸಾವಿರದ ಐದೋ ಆರೋ, ಇಸವಿ ಸರಿಯಾಗಿ ನೆನಪಿಲ್ಲ. ಗಾಡಿ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಪ್ಪು ಬಣ್ಣದ ನೂರು ಸಿಸಿ ಬೈಕು, ಸೀಟಿನ ಒಂದು ಮೂಲೆಯಲ್ಲಿ ನಾನೇ ಹಾಕಿದ ಹೊಲಿಗೆ.

ಹೊರಟಿದ್ದು ನನ್ನ ತವರಿಗೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೆಂಚಾರ್ಲಹಳ್ಳಿ ಮುಟ್ಟುವ ಹೊತ್ತಿಗೆ ನೂರು ಕಿಲೋಮೀಟರಿನ ಮೇಲಾಗುತ್ತದೆ. ಅಮ್ಮನಿಗೆ ಹಿಂದಿನ ವಾರ ಕಣ್ಣಿನ ಪೊರೆ ತೆಗೆಸಿದ್ದರು. ತಮ್ಮ ಮುನಿರಾಜನ ಮನೆಯಲ್ಲಿ ರೇಷ್ಮೆಹುಳುಗಳು ಚರ್ಮ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಜ್ವರದಿಂದ ಎದ್ದರೆ ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತವೆ. ಗಂಡ ಹೆಂಡತಿ ಇಬ್ಬರಿಗೂ ಸೊಪ್ಪು ಕೊಯ್ದು ಹಾಕುವುದೇ ಕೆಲಸ. ಹೊತ್ತುಹೊತ್ತಿಗೆ ಅಮ್ಮನ ಕಣ್ಣಿಗೆ ಔಷಧಿ ಬಿಡುವವರು ಯಾರು? ಒಂದು ತಿಂಗಳ ಮಟ್ಟಿಗೆ ಅವಳನ್ನು ನಮ್ಮ ಮನೆಗೆ ಕರೆತರಬೇಕೆಂದು ನನ್ನ ಆಸೆ. ಅತ್ತೆಯನ್ನು ಕೇಳುವ ಮೊದಲು ನಮ್ಮನೆಯವರನ್ನು ಕೇಳಬೇಕಿತ್ತು.

ಮನೆಯಲ್ಲಿ ಕೇಳುವುದಕ್ಕೆ ಜಾಗವಿರಲಿಲ್ಲ. ಅತ್ತೆ, ಭಾವನವರು, ಓರಗಿತ್ತಿ, ಮಕ್ಕಳು, ಎಲ್ಲರೂ ಮೂರು ಕೋಣೆಯಲ್ಲಿ. ಆಚೆ ಕೋಣೆಯಲ್ಲಿ ಕೆಮ್ಮಿದರೆ ಈಚೆಯಿಂದ ನೀರು ಕೊಡುವಷ್ಟು ಹತ್ತಿರ. ನಾವಿಬ್ಬರೇ ಆಗುತ್ತಿದ್ದದ್ದು ಗಾಡಿಯ ಮೇಲೆ ಮಾತ್ರ. ಮಗಳನ್ನು ಯಾವ ಶಾಲೆಗೆ ಹಾಕುವುದು, ಓರಗಿತ್ತಿಯ ಮುನಿಸಿಗೆ ಏನು ಮಾಡುವುದು, ಎಲ್ಲ ತೀರ್ಮಾನವಾದದ್ದು ಆ ಸೀಟಿನ ಮೇಲೆಯೇ. ನಾನು ಬಾಯಿ ತೆಗೆದೆನೆಂದರೆ ಅವರು ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸುತ್ತಿದ್ದರು. ಆ ಕಿವಿಗೆ ನಾನು ಹೇಳುತ್ತಿದ್ದೆ. ಮಾತು ಮುಗಿಯದಿದ್ದರೆ ನಿಧಾನಕ್ಕೆ ಓಡಿಸುತ್ತಿದ್ದರು.

ಅವತ್ತು ಮಂಚೇನಹಳ್ಳಿವರೆಗೆ ಧೈರ್ಯ ಬರಲಿಲ್ಲ. ಆಮೇಲೆ ಏರು ಬಂತು. ಇಬ್ಬರ ಭಾರಕ್ಕೆ ಗಾಡಿ ಏದುಸಿರು ಬಿಡತೊಡಗಿತು. ಟೊಮೇಟೊ ಬಾಕ್ಸು ತುಂಬಿದ ಟೆಂಪೊ ಪಕ್ಕದಲ್ಲೇ ದಾಟಿಕೊಂಡು ಹೋಯಿತು. ಮೇಲೆ ಕೂತಿದ್ದವನು ಬಗ್ಗಿ, "ಅಣ್ಣೋ, ಹಗ್ಗ ಬೇಕೇನಣ್ಣ?" ಅಂದ. ನಾನು ನಕ್ಕೆ. ಅವರು ನಗಲಿಲ್ಲ, ಹಿಂದಿನಿಂದ ನೋಡಿದರೂ ಕಿವಿ ಕೆಂಪಾಗಿದ್ದು ಕಾಣಿಸಿತು. ಹೈಸ್ಕೂಲಿನಲ್ಲಿ ಗುಮಾಸ್ತರು, ತಮಗಾಗಿ ಏನನ್ನೂ ಆಸೆಪಟ್ಟವರಲ್ಲ. ಒಂದೇ ಒಂದು ಆಸೆಯೆಂದರೆ ಈ ಗಾಡಿಗೆ ಬೇರೆ ಏರ್ ಫಿಲ್ಟರ್ ಹಾಕಿಸುವುದು. ಸಹೋದ್ಯೋಗಿಯೊಬ್ಬರು ಹಾಕಿಸಿದ್ದರಂತೆ, ಗಾಡಿ ಏರಿನಲ್ಲಿ ಹಾರುತ್ತಂತೆ. ತಿಂಗಳುಗಟ್ಟಲೆ ಅದೇ ಮಾತು.

ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ತಿಂದೆವು. ಚಟ್ನಿಗೆ ಖಾರ ಹೆಚ್ಚು, ಇಡ್ಲಿ ಮಾತ್ರ ಹೂವಿನ ಹಾಗಿತ್ತು. ಪರಿಚಯದವರು ಇಬ್ಬರು ಸಿಕ್ಕಿ ಪಕ್ಕದಲ್ಲೇ ಕೂತದ್ದರಿಂದ ಅಲ್ಲೂ ಕೇಳಲಾಗಲಿಲ್ಲ. ಶಿಡ್ಲಘಟ್ಟ ದಾಟಿದರೆ ರಸ್ತೆ ಖಾಲಿ, ಎರಡೂ ಕಡೆ ಹುಣಸೆಮರದ ನೆರಳು, ಅಲ್ಲಿ ಕೇಳಿದರಾಯಿತು ಅಂದುಕೊಂಡೆ.

ಶಿಡ್ಲಘಟ್ಟದಲ್ಲಿ ಗಾಡಿ ನೇರವಾಗಿ ಬಸ್ ನಿಲ್ದಾಣದ ಎದುರಿನ ಗ್ಯಾರೇಜಿಗೆ ಹೋಗಿ ನಿಂತಿತು. ಮೊದಲೇ ಮಾತಾಡಿಕೊಂಡಿದ್ದರೆಂದು ಆಗ ಗೊತ್ತಾಯಿತು. ಮೆಕ್ಯಾನಿಕ್ ಫಯಾಜ್ ನನಗೊಂದು ಸ್ಟೂಲ್ ಹಾಕಿಸಿ, ಕಾಗದದ ಡಬ್ಬಿಯಿಂದ ಕೆಂಪು ಬಣ್ಣದ ಒಂದು ವಸ್ತು ತೆಗೆದರು. ಟೀ ಸೋಸುವ ಜಾಲರಿಯನ್ನು ಬೋರಲು ಹಾಕಿದ ಹಾಗಿತ್ತು.

"ಕಂಪನಿ ಡಬ್ಬಿ ಬಿಚ್ಚಾಕಿ ಇದು ಹಾಕಣ ಸಾರ್. ಗಾಡಿ ಉಸಿರಾಡ್ಬೇಕು. ಮೂಗು ಹಿಡ್ಕೊಂಡು ನಂದಿಬೆಟ್ಟ ಹತ್ತಿ ಅಂದ್ರೆ ನೀವು ಹತ್ತೀರಾ?"

ನನಗೆ ಗೊತ್ತಿರುವುದು ಜರಡಿ. ಜರಡಿ ಕಣ್ಣು ದೊಡ್ಡದಾದರೆ ಹಿಟ್ಟು ಬೇಗ ಬೀಳುತ್ತದೆ, ಜೊತೆಗೆ ಹೊಟ್ಟೂ ಬೀಳುತ್ತದೆ. ಗಾಳಿಯೂ ಹಾಗೇ ಅಲ್ಲವೇ, ಧೂಳು ಒಳಗೆ ಹೋಗುವುದಿಲ್ಲವೇ ಎಂದು ಕೇಳಿದೆ. ಫಯಾಜ್ ನಕ್ಕರು. "ಹೋಗುತ್ತಮ್ಮ, ಸ್ವಲ್ಪ. ಅದ್ಕೇ ಆಗಾಗ ತೊಳೀಬೇಕು. ಸೊಸೆ ಹೊಸಬಳು ಅಂದ್ರೆ ಒಂಚೂರು ಜಾಸ್ತಿ ನೋಡ್ಕೋಬೇಕಲ್ವಾ?" ನಮ್ಮನೆಯವರು ಇನ್ನೂ ಅನುಮಾನಿಸಿದರು. ಕೊನೆಗೆ ಫಯಾಜ್ ತಾವೇ ದಾರಿ ತೋರಿಸಿದರು: ಹಾಕಿಸಿಕೊಂಡು ಊರಿಗೆ ಹೋಗಿಬನ್ನಿ, ಹಿಡಿಸಿದರೆ ನಾಳೆ ದುಡ್ಡು ಕೊಡಿ, ಇಲ್ಲದಿದ್ದರೆ ಬಿಚ್ಚಿಕೊಟ್ಟು ಹೋಗಿ.

ಅರ್ಧ ಗಂಟೆಯಲ್ಲಿ ಹೊರಟೆವು. ಸುಳ್ಳು ಹೇಳಬಾರದು, ಗಾಡಿ ನಿಜಕ್ಕೂ ಹಾರಿತು. ಊರಾಚೆಯ ಆಂಜನೇಯನಿಗೆ ಕೈಮುಗಿಯುವಷ್ಟರಲ್ಲಿ ಗುಡಿ ಹಿಂದಾಗಿತ್ತು. ನಮ್ಮನೆಯವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮದುವೆಯಾದ ಹೊಸತರಲ್ಲಿ ಯಾರದೋ ಗಾಡಿ ಕೇಳಿ ತಂದು ನನ್ನನ್ನು ಕೂರಿಸಿಕೊಂಡು ಹೋದಾಗ ಹಾಗೆ ಕೂತಿದ್ದರು. ನೋಡಿ ನನಗೂ ಸಂತೋಷವೇ ಆಯಿತು. ಆದರೆ ಕಾಲಡಿಯಿಂದ ಭೋರೆಂದು ಒಂದು ಸದ್ದು. ಮೊದಲಿದ್ದ ಸದ್ದಲ್ಲ, ಪಂಪ್‌ಸೆಟ್ ಪಕ್ಕದಲ್ಲಿ ಕೂತಂತೆ.

ಮರದ ನೆರಳು ಶುರುವಾಯಿತು. ಅಲ್ಲಲ್ಲಿ ಹಲಸಿನಹಣ್ಣು ರಾಶಿ ಹಾಕಿಕೊಂಡು ಮಾರುತ್ತಿದ್ದರು. ಮನಸ್ಸಿನಲ್ಲೇ ದೇವರನ್ನು ನೆನೆದು, ಅವರ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಕೇಳಿದೆ: "ಏನ್ರೀ, ಅಮ್ಮನ್ನ ಕರ್ಕೊಂಡ್ ಹೋಗಣಾ?"

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೂಗಿದರು: "ಬೇಡ ಕಣೇ. ಅಷ್ಟು ಭಾರ ಯಾರು ಹೊರ್ತಾರೆ?"

ಮತ್ತೆ ನಾನು ಆ ಮಾತು ಎತ್ತಲಿಲ್ಲ. ಚಿಂತಾಮಣಿ ಬಂತು, ಮಂಡಿಪೇಟೆಗಳ ಗಲಾಟೆ ಹೋಯಿತು, ಅಮ್ಮನಿಗೆ ಬ್ರೆಡ್ಡು, ಬಾಳೆಹಣ್ಣು ತೆಗೆದುಕೊಂಡೆವು. "ಹೆಂಗೆ ಗಾಡಿ?" ಎಂದು ಅವರು ಕೇಳಿದಾಗ ಚೆನ್ನಾಗಿದೆ ಅಂದೆ. ಇಷ್ಟು ವರ್ಷದಲ್ಲಿ ನನ್ನ ತಾಯಿಯ ಬಗ್ಗೆ ಒಂದು ಹಗುರ ಮಾತೂ ಆಡಿದವರಲ್ಲ. ಈಗ ಒಂದೇ ಏಟಿಗೆ ಭಾರ ಅಂದುಬಿಟ್ಟರಲ್ಲ. ಬಿಸಿಲು ಏರಿತ್ತು, ಕಣ್ಣಿಗೆ ಧೂಳು ಬಿತ್ತೆಂದು ಸೆರಗಿನಿಂದ ಒರೆಸಿಕೊಳ್ಳುತ್ತಾ ಕೆಂಚಾರ್ಲಹಳ್ಳಿ ಮುಟ್ಟಿದೆ.

ಅಮ್ಮ ಹಸಿರು ಬಟ್ಟೆಯನ್ನು ಕಣ್ಣ ಮೇಲೆ ಇಳಿಬಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದಳು. ಪಕ್ಕದ ಹುಳುಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು, ತೆಳ್ಳಗೆ ಮಳೆ ಹಿಡಿದ ಹಾಗೆ. ಆ ಸದ್ದಿನಲ್ಲೇ ಬೆಳೆದವಳು ನಾನು. ತಮ್ಮನ ಹೆಂಡತಿ ಸೊಪ್ಪಿನ ಹೊರೆ ಇಳಿಸಿ ಕೈ ತೊಳೆದು ಓಡಿಬಂದು ನೀರು ಕೊಟ್ಟಳು. ಬೆಳಗಿನ ಔಷಧಿ ಬಿಟ್ಟಿರಲಿಲ್ಲ. ಅವಳನ್ನು ಅನ್ನುವಂತಿರಲಿಲ್ಲ, ಪಾಪ, ನಿಂತಲ್ಲೇ ತೂಗಡಿಸುತ್ತಿದ್ದಳು. ನಾನೇ ಬಿಟ್ಟೆ. "ನೀನ್ ಬಂದ್ಯಲ್ಲಮ್ಮ, ಸಾಕು ಬಿಡು," ಅಂದಳು ಅಮ್ಮ.

ಸಂಜೆ ಮುನಿರಾಜ ಬಂದು, ಬೆರಳಿಗೆ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸಲು ಕೂತ. ತೊಳೆಗಳನ್ನು ತಟ್ಟೆಗೆ ಹಾಕಿ ಕೊಟ್ಟಾಗ ನಮ್ಮನೆಯವರು ನಕ್ಕರು.

"ನಿಮ್ಮಕ್ಕ ದಾರೀಲೇ ಹಲಸಿನಹಣ್ಣು ತಗೊಂಡ್ ಹೋಗಣ ಅಂದ್ಲಪ್ಪ. ನಾನೇ ಬೇಡ ಅಂದೆ, ಅಷ್ಟು ಭಾರ ಯಾರು ಹೊರ್ತಾರೆ ಅಂತ. ಅದ್ಕೇ ಬೆಳಗ್ಗಿಂದ ಮುಖ ಊದಿಸ್ಕೊಂಡವಳೆ."

"ಒಂದು ಹಣ್ಣಿಗಾ ಅಕ್ಕ?" ಅಂದ ತಮ್ಮ.

ನನಗೆ ನಗು ಬಂತೋ ಅಳು ಬಂತೋ ತಿಳಿಯದೆ ಎದ್ದು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವರೂ ಹಿಂದೆ ಬಂದರು. ನಾನು ಕೇಳಿದ್ದು ಹಣ್ಣನ್ನಲ್ಲ, ಅಮ್ಮನನ್ನು ಎಂದು ಹೇಳಿದೆ. ಅವರು ಅಂಟು ಮೆತ್ತಿದ ಬೆರಳುಗಳನ್ನು ನೋಡಿಕೊಂಡರು.

"ನಾನು ಅಮ್ಮನ್ನ ಭಾರ ಅಂದೆ ಅಂದ್ಕೊಂಡು ಇಷ್ಟೊತ್ತೂ ಕೂತಿದ್ದ್ಯಾ?"

"ಹ್ಞೂ."

"ಇನ್ನೊಂದ್ಸಲ ಕೇಳ್ಬಾರ್ದಾ?"

"ಅದು ಇನ್ನೊಂದ್ಸಲ ಕೇಳೋ ಮಾತಾ?"

ಅವರು ಸೀದಾ ಒಳಗೆ ಹೋಗಿ ಅಮ್ಮನ ಎದುರು ಕೂತು, ನಾಳೆ ನಮ್ಮ ಜೊತೆ ಹೊರಡಬೇಕು ಅಂದರು. ಅಮ್ಮ ಒಪ್ಪಲಿಲ್ಲ. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಕೂರುವುದೆಂದರೆ ಸಿಗ್ಗು ಅಂದಳು, ಬೀಗಿತ್ತಿ ಏನಂದುಕೊಳ್ಳುತ್ತಾರೋ ಅಂದಳು. ಆಮೇಲೆ ತೆಲುಗಿನಲ್ಲಿ ಶುರುಮಾಡಿದಳು. ಅವಳು ಸೋಲುವ ಹೊತ್ತಿಗೆ ಭಾಷೆ ಬದಲಾಗುತ್ತಿತ್ತು. "ನಮ್ಮಮ್ಮಂಗೆ ನಾನು ಹೇಳ್ತೀನಿ ಬನ್ನಿ," ಎಂದರು ಇವರು.

ಮರುದಿನ ಅಮ್ಮ, ನಾನು ಬಸ್ಸಿಗೆ, ಅವರು ಗಾಡಿಗೆ. ಚಿಂತಾಮಣಿಯಲ್ಲಿ ಬಸ್ಸು ಬದಲಿಸಿದಾಗ ಮುಂದಿನ ಸೀಟೇ ಸಿಕ್ಕಿತು, ಕಂಡಕ್ಟರ್ ಅಮ್ಮನ ಕಣ್ಣು ನೋಡಿ ಬಿಸಿಲಿಲ್ಲದ ಕಡೆಗೆ ಕೂರಿಸಿದ. ಇಂಥದ್ದಕ್ಕೆಲ್ಲ ಆ ದೇವರಿಗೇ ಋಣಿಯಾಗಿರಬೇಕೆಂದು ನನಗೆ ಗೊತ್ತು. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಎದುರಿನ ಗ್ಯಾರೇಜು ಕಾಣಿಸಿತು. ಫಯಾಜ್ ಆ ಕೆಂಪು ಫಿಲ್ಟರನ್ನು ಬಿಚ್ಚುತ್ತಿದ್ದರು. ನಮ್ಮನೆಯವರು ಪಕ್ಕದಲ್ಲಿ ಕೈಕಟ್ಟಿ ನಿಂತು, ಕೊನೆಯ ಸ್ಕ್ರೂ ಬಿಚ್ಚುವವರೆಗೂ ಅದನ್ನೇ ನೋಡುತ್ತಿದ್ದರು. ಆಮೇಲೆ ಅಮ್ಮನಿಗೆ ಎಳನೀರು ಹಿಡಿದು ಕಿಟಕಿ ಬಳಿ ಬಂದರು. ಯಾಕೆ ಬಿಚ್ಚಿಸಿದಿರಿ, ಏರಿನಲ್ಲಿ ಚೆನ್ನಾಗಿತ್ತಲ್ಲ, ಅಂದೆ.

"ಅವನೂ ಅದೇ ಕೇಳ್ದ. ಎಲ್ಲಾ ಸರಿ ಕಣಪ್ಪ, ಮಾತು ಕೇಳಲ್ಲ ಅಂದೆ. ಗಾಡಿ ಮಾತು ಕೇಳಲ್ಲ ಅಂದ್ಕೊಂಡು ಪಾಪ, ಬ್ರೇಕು ಕ್ಲಚ್ಚು ಎಲ್ಲಾ ನೋಡ್ದ."

ಚಿಕ್ಕಬಳ್ಳಾಪುರದಲ್ಲಿ ನಮ್ಮ ಬಸ್ಸು ಬಹಳ ಹೊತ್ತು ನಿಂತಿತು. ಅವರು ಮುಂದೆ ಹೋದರು. ಏರು, ಇಳಿಜಾರು, ಮಂಚೇನಹಳ್ಳಿ ಎಲ್ಲ ದಾಟುವವರೆಗೂ ಅತ್ತೆಗೆ ಏನು ಹೇಳುವುದೆಂದು ನಾನು ಜೋಡಿಸಿಕೊಳ್ಳುತ್ತಲೇ ಇದ್ದೆ. ಒಂದೂ ಬೇಕಾಗಲಿಲ್ಲ. ಮನೆ ಬಾಗಿಲಲ್ಲಿ ಅತ್ತೆಯೇ ನಿಂತಿದ್ದರು. ಅಮ್ಮನ ಕೈಹಿಡಿದು ಹೊಸ್ತಿಲು ದಾಟಿಸಿದರು. ತಮ್ಮ ಮಂಚವನ್ನು ಅಮ್ಮನಿಗೆ ಬಿಟ್ಟು, ಕಿಟಕಿಗೆ ಹಳೇ ಸೀರೆ ಕಟ್ಟಿಸಿದ್ದರು. "ಬೆಳಕು ಕುಕ್ಕಬಾರ್ದು ನೋಡಿ," ಅಂದರು. ಅಷ್ಟೇ. ಅಮ್ಮ ಶ್ರಾವಣದವರೆಗೂ ನಮ್ಮ ಮನೆಯಲ್ಲೇ ಇದ್ದಳು.

ಈಗ ಆ ರಸ್ತೆಗಳೆಲ್ಲ ಅಗಲವಾಗಿವೆ, ಹುಣಸೆಮರಗಳೂ ಕಡಿಮೆಯಾಗಿವೆ. ಅಮ್ಮನೂ ಇಲ್ಲ, ಅತ್ತೆಯೂ ಇಲ್ಲ. ಹೇಳಿದ ಕೂಡಲೇ ಒಪ್ಪುವ ಹೆಂಗಸಲ್ಲ ನಮ್ಮತ್ತೆ. ಇವರು ಅವತ್ತು ಏನು ಹೇಳಿ ಒಪ್ಪಿಸಿದರೋ ನನಗೆ ತಿಳಿಯಲೇ ಇಲ್ಲ. ಒಂದೇ ಸಲ ಕೇಳಿದ್ದೆ, ಮುಂದಿನ ತಿಂಗಳು, ವಿದುರಾಶ್ವತ್ಥದಿಂದ ಗಾಡಿಯಲ್ಲಿ ಬರುವಾಗ. ಅವರು ಎಂದಿನಂತೆ ತಲೆಯನ್ನು ಎಡಕ್ಕೆ ವಾಲಿಸಿದರು. ನಾನು ಹೇಳಿ ಮುಗಿಸುವವರೆಗೂ ಹಾಗೇ ಇದ್ದು, ಆಮೇಲೆ ನೆಟ್ಟಗಾದರು.

"ಗಾಳಿ ಕಣೇ," ಅಂದರು. "ಏನೂ ಕೇಳಿಸ್ಲಿಲ್ಲ."

ಆ ಸಂಜೆ ದಾರಿಯುದ್ದಕ್ಕೂ ಒಂದೆಲೆಯೂ ಅಲುಗುತ್ತಿರಲಿಲ್ಲ.